ಬೆನ್ನು ಹಗುರ, ಹೊರೆ ಭಾರ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಹೊರಬೀಳುವ ಟ್ರೈಲರ್‌ಗಳನ್ನು ಗಮನಿಸಿ. 40 ಅಡಿ ಉದ್ದದ ಬಯಲು ಹಾಸು. ಅದರ ಮೇಲೆ ಸರಪಳಿ ಬಿಗಿದ ಒಂದೆರಡು ಉಕ್ಕಿನ ಕಾಯಿಲ್ (ಸುತ್ತಿದ ತಗಡಿನ ಸುರುಳಿ). ಉಳಿದ ಜಾಗವೆಲ್ಲ ಖಾಲಿ. ಇಷ್ಟು ದೊಡ್ಡ ಗಾಡಿಗೆ ಇಷ್ಟೇ ಸಾಮಾನೇ ಎನಿಸುತ್ತದೆ. ಆದರೆ ತೂಕದ ಲೆಕ್ಕದಲ್ಲಿ ಆ ಗಾಡಿ ಭರ್ತಿಯಾಗಿರುತ್ತದೆ. ಒಂದು ಘನ ಮೀಟರ್ ಉಕ್ಕಿನ ತೂಕ 7.85 ಟನ್. ಅದು ಹೊರಬಹುದಾದ 39 ಟನ್ ಉಕ್ಕನ್ನು ಕರಗಿಸಿ ಆ ಹಾಸಿನ ಮೇಲೆ ಸಮನಾಗಿ ಹೊಯ್ದರೆ 17 ಸೆಂಟಿಮೀಟರ್ ದಪ್ಪವಾದೀತು, ಒಂದು ಗೇಣಿಗಿಂತಲೂ ಕಡಿಮೆ.

ಭಾರದ ಸರಕು ಸಾಗಿಸುವವರಿಗೆ ಮೊದಲು ಮುಗಿಯುವುದು ತೂಕದ ಮಿತಿ. 2018ರಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮದ ಪ್ರಕಾರ ಎಳೆಯುವ ಗಾಡಿಯ ಮುಂದಿನ ಆಕ್ಸಲ್‌ಗೆ 7 ಟನ್, ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್, ಟ್ರೈಲರ್‌ನ ಮೂರು ಆಕ್ಸಲ್‌ಗಳಿಗೆ ಒಟ್ಟು 27 ಟನ್. ಕೂಡಿದರೆ 55 ಟನ್. ಗಾಡಿಯ ಸ್ವಂತ ತೂಕವೂ ಇದರೊಳಗೇ ಸೇರಿದೆ. ಎಳೆಯುವ ಗಾಡಿ, ಟ್ರೈಲರ್ ಎರಡೂ ಸೇರಿ ಖಾಲಿ ತೂಕ 16 ಟನ್ ಎಂದಿಟ್ಟುಕೊಳ್ಳಿ. ಸರಕಿಗೆ ಉಳಿಯುವುದು 39. ಅದೇ ಟ್ರೈಲರ್ ಒಂದೂವರೆ ಟನ್ ಹಗುರವಾಗಿದ್ದರೆ ಪ್ರತಿ ಟ್ರಿಪ್ಪಿಗೂ ಒಂದೂವರೆ ಟನ್ ಹೆಚ್ಚು ಬಾಡಿಗೆ. ವರ್ಷಕ್ಕೆ 200 ಟ್ರಿಪ್ಪಾದರೆ 300 ಟನ್, ಅಂದರೆ ಏಳಕ್ಕೂ ಹೆಚ್ಚು ಪೂರ್ತಿ ಲೋಡು. ಖಾಲಿ ಮರಳುವಾಗ ಉಳಿಯುವ ಡೀಸೆಲ್ ಬೇರೆ.

ಹಗುರವಾದದ್ದು ಅಷ್ಟು ಭಾರ ಹೊರುವುದು ಹೇಗೆ? ಟ್ರೈಲರ್ ಅಡಿಯಲ್ಲಿ ಉದ್ದಕ್ಕೆ ಓಡುವ ಎರಡು ತೊಲೆಗಳೇ ಅದರ ಬೆನ್ನೆಲುಬು. ಭಾರ ಬಿದ್ದು ತೊಲೆ ಬಾಗಿದಾಗ ಮೇಲಂಚು ಒತ್ತಲ್ಪಡುತ್ತದೆ, ಕೆಳಂಚು ಜಗ್ಗಲ್ಪಡುತ್ತದೆ. ನಡುಭಾಗಕ್ಕೆ ಈ ಹಿಂಸೆ ಕಡಿಮೆ. ಆದ್ದರಿಂದ ಲೋಹವನ್ನು ಅಂಚುಗಳಲ್ಲಿ ಗಟ್ಟಿಯಾಗಿಟ್ಟು ನಡುವೆ ತೆಳುವಾಗಿಸುತ್ತಾರೆ. ಎತ್ತರವೂ ಮುಖ್ಯ. ಮನೆಯ ಮರದ ತೊಲೆಯನ್ನು ಅಡ್ಡ ಮಲಗಿಸದೆ ಕಿರಿದಾದ ಬದಿಯ ಮೇಲೆ ನಿಲ್ಲಿಸುವುದು ಇದಕ್ಕೇ: ಅಗಲ ಹಾಗೇ ಇದ್ದು ಎತ್ತರ ಎರಡರಷ್ಟಾದರೆ ಬಾಗದೆ ನಿಲ್ಲುವ ಗುಣ ಎಂಟು ಪಟ್ಟಾಗುತ್ತದೆ.

ಇನ್ನು ಲೋಹದ ಆಯ್ಕೆ. ಅಮೆರಿಕದ ಹೆದ್ದಾರಿಗಳಲ್ಲಿ ಅಲ್ಯೂಮಿನಿಯಂ ಟ್ರೈಲರ್‌ಗಳು ಸಾಮಾನ್ಯ. ಅಲ್ಲಿನ ಒಟ್ಟು ತೂಕದ ಸಾಮಾನ್ಯ ಮಿತಿ 80,000 ಪೌಂಡ್, ಸುಮಾರು 36 ಟನ್ ಮಾತ್ರ. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರರಲ್ಲೊಂದು ಪಾಲು. ಆದರೆ ಬಾಗದೆ ನಿಲ್ಲುವ ಗುಣವೂ ಮೂರರಲ್ಲೊಂದೇ! ಹಾಗಾಗಿ ತೊಲೆಯನ್ನು ಎತ್ತರ ಮಾಡಿ, ಲೋಹ ಕೂಡಿಸಬೇಕಾಗುತ್ತದೆ. ಉಳಿತಾಯ ಅಂದುಕೊಂಡಷ್ಟು ದಕ್ಕುವುದಿಲ್ಲ. ವೆಲ್ಡಿಂಗ್‌ನ ಕಾವು ತಗಲಿದಲ್ಲಿ ಅದರ ಬಲವೂ ಕುಂದುತ್ತದೆ. ಇನ್ನೊಂದು ದಾರಿ ಹೆಚ್ಚು ಬಲದ ಉಕ್ಕು. ಸಾಧಾರಣ ಉಕ್ಕು ಸುಮಾರು 250 ಮೆಗಾಪಾಸ್ಕಲ್ ಒತ್ತಡಕ್ಕೆ ಶಾಶ್ವತವಾಗಿ ಸೊಟ್ಟಗಾದರೆ, ಇದು 700ರವರೆಗೂ ತಾಳಬಲ್ಲದು. ತೆಳು ತಗಡು ಸಾಕು. ಆದರೆ ಹೊರೆಗೆ ಬಳುಕುವ ಗುಣದಲ್ಲಿ ಎರಡೂ ಉಕ್ಕು ಒಂದೇ. ತಗಡು ತೆಳುವಾದಷ್ಟೂ ಟ್ರೈಲರ್ ಹೆಚ್ಚು ಬಳುಕುತ್ತದೆ. ಅದನ್ನು ತಡೆಯುವ ಅಡ್ಡಪಟ್ಟಿಗಳು ಸರಿಯಾದ ಜಾಗದಲ್ಲಿರಬೇಕು.

ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ: ಎಷ್ಟು ಟನ್ ಹೊರುತ್ತದೆ ಎಂಬುದರ ಜೊತೆಗೆ, ಎಷ್ಟು ಅಡಿಯೊಳಗೆ ಎಷ್ಟು ಟನ್? ಎರಡು ತುದಿಗೆ ಆಸರೆಯಿರುವ ತೊಲೆಯ ಮೇಲೆ ಭಾರವನ್ನು ಉದ್ದಕ್ಕೂ ಹರಡುವುದರ ಬದಲು ನಟ್ಟನಡುವೆ ಕೂರಿಸಿದರೆ ತೊಲೆಯನ್ನು ಬಾಗಿಸುವ ಒತ್ತು ಎರಡರಷ್ಟಾಗುತ್ತದೆ. ಸಿಮೆಂಟ್ ಚೀಲಕ್ಕೆ ಒಪ್ಪುವ ಹಗುರ ಟ್ರೈಲರ್, ನಾಲ್ಕೈದು ಅಡಿಯಲ್ಲಿ 20 ಟನ್ ಕೂರಿಸುವ ಕಾಯಿಲ್‌ಗಾಗಲಿ ಇಳಕಲ್ಲಿನ ಗ್ರಾನೈಟ್ ದಿಂಡಿಗಾಗಲಿ ಒಪ್ಪಲಾರದು.

ಭಾರ ಕೂರುವ ಜಾಗದ ಮಹತ್ವ ಎತ್ತಿನ ಗಾಡಿ ಹೂಡಿದವರಿಗೆ ಗೊತ್ತು. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಗಂಟಲು ಬಿಗಿಯುತ್ತದೆ. ಟ್ರೈಲರ್‌ನಲ್ಲೂ ಅಷ್ಟೆ. ಹೊರೆ ಮುಂದೆ ಸರಿದರೆ ಎಳೆಯುವ ಗಾಡಿಯ ಆಕ್ಸಲ್ ಮಿತಿ ಮೀರುತ್ತದೆ, ಹಿಂದೆ ಸರಿದರೆ ಟ್ರೈಲರ್‌ನದು. ಒಟ್ಟು 55 ಟನ್ ಸರಿಯಿದ್ದರೂ ಹಂಚಿಕೆ ತಪ್ಪಿರಬಹುದು.

ಆಕ್ಸಲ್ ಭಾರ ಹೆಚ್ಚಿದರೆ ರಸ್ತೆಗೆ ಏನಾಗುತ್ತದೆಂದು ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿಯೇ ನೋಡಿದರು. ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಷ್ಟು ವೇಗದಲ್ಲಿ ರಸ್ತೆ ಸವೆಯುತ್ತದೆಂದು ಕಂಡುಬಂತು. ಅಂದರೆ ಶೇಕಡಾ 20ರಷ್ಟು ಹೆಚ್ಚು ಹೇರಿದರೆ ಸವೆತ ದುಪ್ಪಟ್ಟು. ಗಾಡಿಯ ಲೋಹಕ್ಕೂ ದಣಿವಿದೆ. ಪ್ರತಿ ಗುಂಡಿಯ ಕುಲುಕಿಗೂ ವೆಲ್ಡಿಂಗ್ ಪಕ್ಕದ ಕೂದಲೆಳೆ ಬಿರುಕು ಒಂದಿಷ್ಟು ಮುಂದೆ ಹರಿಯುತ್ತದೆ. ಅತಿಭಾರ ಅದನ್ನು ಓಡಿಸುತ್ತದೆ. ತೊಲೆ ಮುರಿಯುವ ದಿನ ಸ್ಟಿಯರಿಂಗ್ ಹಿಡಿದಿರುವುದು ಮಾಲೀಕರಲ್ಲ, ಒಬ್ಬ ಡ್ರೈವರ್.

ಹಾಗಾಗಿ ಕೊಳ್ಳುವ ಮೊದಲು ಖಾಲಿ ಟ್ರೈಲರನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಚೀಟಿ ಪಡೆಯಿರಿ. ಕೊಂಡ ಮೇಲೆ ವೆಲ್ಡಿಂಗ್ ಅಂಚುಗಳನ್ನು ಆಗಾಗ ಒರೆಸಿ ನೋಡಿ. ಒಂದೂವರೆ ಟನ್ ಉಳಿಸಿಕೊಟ್ಟ ಗಾಡಿಯ ಮೇಲೆ ಮತ್ತೆ ಐದು ಟನ್ ಹೇರುವುದು, ಹಾಲು ಕೊಡುವ ಹಸುವಿನ ಕರುವಿಗೆ ಒಂದು ತೊಟ್ಟೂ ಬಿಡದೆ ಕರೆದುಕೊಂಡಂತೆ.