ನಿಮಗಿದು ಗೊತ್ತೇ? ಛತ್ರಿ, ಡಬ್ಬಿ, ನೆಟ್ ಟಿವಿ

ಗದಗ ಹತ್ತಿರದ ಹರ್ತಿಯಲ್ಲಿ ಯಾರ ಮನೆಯಲ್ಲಿ ಯಾವ ಸೆಟ್‌ಟಾಪ್ ಡಬ್ಬಿ ಇದೆಯೆಂದು ಒಳಗೆ ಹೋಗದೆಯೂ ಹೇಳಬಹುದು. ಮಾಳಿಗೆ ಮೇಲಿನ ಛತ್ರಿಯ, ಅಂದರೆ ಡಿಶ್ ಆ್ಯಂಟೆನಾದ, ಮುಖ ನೋಡಿದರಾಯಿತು. ಅಲ್ಲಿಂದ ಲೆಕ್ಕ ಹಾಕಿದರೆ, ದೂರದರ್ಶನದ ಫ್ರೀ ಡಿಶ್ ಹಿಡಿಯುವ ಜಿಸ್ಯಾಟ್-15 ಉಪಗ್ರಹ ಸರಿಸುಮಾರು ಆಗ್ನೇಯಕ್ಕೆ, 62 ಡಿಗ್ರಿ ಎತ್ತರದಲ್ಲಿದೆ. ಏರ್‌ಟೆಲ್ ಡಿಶ್ ಹಿಡಿಯುವ ಉಪಗ್ರಹ ಇನ್ನೂ ಪೂರ್ವಕ್ಕೆ ಸರಿದಿದೆ. ಎತ್ತರ 50 ಡಿಗ್ರಿಗೂ ಕಡಿಮೆ.

ಆ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿದ್ದರೂ ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್ ಸಾಕು. ತಡವಾಗುವುದು ನೆಟ್‌ನಲ್ಲಿ. ಅಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಆ್ಯಪ್ ಒಂದಿಷ್ಟು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ, ನಿಮ್ಮ ಮೊಬೈಲ್‌ನಲ್ಲಿ ಕೊನೆಯ ಎಸೆತ ಬೀಳುವ ಮೊದಲೇ ಪಕ್ಕದ ಓಣಿಯಲ್ಲಿ ಪಟಾಕಿ ಸಿಡಿದಿದ್ದರೆ, ಅವರ ಮನೆಯಲ್ಲಿ ಕೇಬಲ್ ಅಥವಾ ಛತ್ರಿ ಇತ್ತೆಂದು ತಿಳಿಯಿರಿ.

ಎಷ್ಟೋ ಹೊಸ ಟಿವಿಗಳ ಒಳಗೇ ಕೇಬಲ್ ಟ್ಯೂನರ್ ಇರುತ್ತದೆ. ಆದರೂ ವೈರ್ ನೇರವಾಗಿ ಚುಚ್ಚಿದರೆ ಚಾನೆಲ್ ಬರುವುದಿಲ್ಲ. ಕೇಬಲ್‌ನವರ ಸಿಗ್ನಲ್‌ಗೆ ಬೀಗ ಹಾಕಿರುತ್ತದೆ, ಅದರ ಕೀಲಿ ಡಬ್ಬಿಯಲ್ಲಿರುತ್ತದೆ. ಈ ಪದ್ಧತಿಗೆ ಬೆಂಗಳೂರು, ಮೈಸೂರಿಗೆ ಕೊಟ್ಟ ಗಡುವು 2013ರ ಮಾರ್ಚ್ 31; ಹಳ್ಳಿಗಳಿಗೆ ಸರಿಯಾಗಿ ನಾಲ್ಕು ವರ್ಷ ತಡವಾಗಿ, 2017ರ ಮಾರ್ಚ್ 31.

ಈಗ ನಮ್ಮ ಕೇಬಲ್‌ನವರಲ್ಲಿ ಹಲವರು ಫೈಬರ್ ಇಂಟರ್ನೆಟ್ಟೂ ಕೊಡುತ್ತಾರಷ್ಟೆ. ಅದರಲ್ಲೊಂದು ಸೊಗಸಿದೆ. ಕೂದಲೆಳೆಯಷ್ಟು ತೆಳುವಾದ ಒಂದೇ ಗಾಜಿನ ಎಳೆಯಲ್ಲಿ ಟಿವಿ, ನೆಟ್ ಎರಡೂ ಬರಬಹುದು. ಬೇರೆ ಬೇರೆ ಬಣ್ಣದ ಬೆಳಕು, ಅಷ್ಟೇ. ಯಾವುದೂ ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಟಿವಿ ಚಾನೆಲ್‌ಗಳು 1550 ನ್ಯಾನೊಮೀಟರ್ ಬೆಳಕಿನಲ್ಲಿ ಇಳಿದು ಬಂದರೆ, ಇಂಟರ್ನೆಟ್ 1490ರಲ್ಲಿ ಬರುತ್ತದೆ, 1310ರಲ್ಲಿ ಹೋಗುತ್ತದೆ. ಆ ಎಳೆ ಬಂದು ಸೇರುವ, ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯನ್ನು ತಿರುಗಿಸಿ ನೋಡಿ: ಲ್ಯಾನ್ ತೂತುಗಳ ಪಕ್ಕದಲ್ಲಿ ತಿರುಪಿನ ಗೆರೆಗಳಿರುವ ದುಂಡನೆಯ ಪೋರ್ಟ್ ಇದ್ದರೆ ಅದೇ ಕೇಬಲ್ ಟಿವಿಯ ಬಾಯಿ. ಅಲ್ಲಿಂದ ಡಬ್ಬಿಗೆ ವೈರ್ ಎಳೆದಿದ್ದರೆ, ನೆಟ್ ಪ್ಯಾಕ್ ಮುಗಿದ ದಿನವೂ ಧಾರಾವಾಹಿ ತಪ್ಪದು. ಕರೆಂಟ್ ಮಾತ್ರ ಇರಬೇಕು!

ಎಚ್‌ಡಿ ವಿಡಿಯೊ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಹರಿದರೆ ಗಂಟೆಗೆ 2.25 ಜಿಬಿ ಬೇಕು. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್ ಒಂದು ತಾಸಿಗೂ ಸಾಲದು. ಛತ್ರಿ ಅಥವಾ ಕೇಬಲ್‌ನಿಂದ ಬರುವ ದೂರದರ್ಶನದ ಚಂದನ ಚಾನೆಲ್‌ಗೆ ಡೇಟಾ ಖರ್ಚು ಸೊನ್ನೆ. ಹಾಗಾಗಿ ನೆಟ್ ಬಂತೆಂದು ಕೇಬಲ್ ಕಿತ್ತೆಸೆಯುವ ಆತುರ ನನಗಂತೂ ಅರ್ಥವಾಗುವುದಿಲ್ಲ. ಸುದ್ದಿ, ಕ್ರಿಕೆಟ್‌ಗೆ ಕೇಬಲ್. ತಪ್ಪಿಹೋದ ಸಿನಿಮಾಕ್ಕೆ ನೆಟ್.

ಛತ್ರಿ, ನೆಟ್ ಎರಡನ್ನೂ ಒಂದೇ ರಿಮೋಟಿಗೆ ತಂದ ಡಬ್ಬಿಗಳೂ ಇವೆ. ಏರ್‌ಟೆಲ್ ಎಕ್ಸ್‌ಸ್ಟ್ರೀಮ್ 2019ರಲ್ಲಿ ಬಂತು, ಟಾಟಾದವರ ಬಿಂಜ್ ಪ್ಲಸ್ 2020ರಲ್ಲಿ.

ಕೇಬಲ್‌ನವರ ಡಬ್ಬಿಯೇ ಬೇಡವೆನ್ನುವವರು ಅಮೆರಿಕದಲ್ಲಿ ಕಂಪನಿಯ ಕೀಲಿಯನ್ನು ಒಂದು ಕಾರ್ಡ್ ಆಗಿ ಪಡೆದು, ತಮ್ಮದೇ ಟ್ಯೂನರಿಗೆ ಸಿಕ್ಕಿಸಿ, ಮನೆಯ ಎಲ್ಲ ಟಿವಿಗಳಿಗೂ ನೆಟ್‌ವರ್ಕ್ ಮೂಲಕ ಹರಿಸಬಹುದಿತ್ತು. 2020ರಲ್ಲಿ ಅಲ್ಲಿನ ನಿಯಂತ್ರಕರು ಕಾರ್ಡ್ ಕೊಡಲೇಬೇಕೆಂಬ ನಿಯಮವನ್ನು ಕೈಬಿಟ್ಟರು.

ನಮ್ಮಲ್ಲಿ ದಾರಿ ಬೇರೆ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗೆ ಐಎಸ್ 18112:2022 ಎಂಬ ಮಾನಕ ಬಂದಿದೆ. ಅಂಥ ಟಿವಿ ಇದ್ದರೆ ಛತ್ರಿಯ ವೈರನ್ನು ನೇರ ಚುಚ್ಚಿ, ಡಬ್ಬಿಯಿಲ್ಲದೆಯೇ ಫ್ರೀ ಡಿಶ್ ನೋಡಬಹುದು. ಹೊಸ ಟಿವಿ ಕೊಳ್ಳುವಾಗ ಅಂಗಡಿಯಲ್ಲಿ ಕೇಳಿ ನೋಡಿ.