ಫ್ರಿಜ್ಜಿನಲ್ಲಿ ಹಿಮ ಕಟ್ಟುವುದೇಕೆ? ಟೈಮರ್ ಪರೀಕ್ಷಿಸುವ ಬಗೆ

ಬೇಸಿಗೆಯಲ್ಲಿ ವಿಜಯಪುರದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ತೋಟದ ವಸ್ತಿಗಳಲ್ಲಿ ಹಾಲು, ಕಾಯಿಪಲ್ಲೆಗಳ ಜೊತೆಗೆ ಕೋಳಿ, ಕುರಿಗಳ ಲಸಿಕೆಯನ್ನೂ ಮನೆಯ ಫ್ರಿಜ್ಜಿನಲ್ಲಿಯೇ ಇಡುವವರುಂಟು. ಇಂಥ ಲಸಿಕೆಗಳು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಉಷ್ಣತೆಯಲ್ಲಿರಬೇಕು. ಹಾಲು ಕೆಟ್ಟರೆ ಒಡೆದು ತಿಳಿಸುತ್ತದೆ. ಲಸಿಕೆ ಕೆಟ್ಟದ್ದು ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಚುಚ್ಚಿಸಿದ ಮೇಲೂ ಹಿಂಡಿಗೆ ರೋಗ ಬಿದ್ದಾಗಲೇ ಗೊತ್ತಾಗುವುದು. (ಕೀಟನಾಶಕಗಳನ್ನು ಮಾತ್ರ ಆಹಾರವಿರುವ ಫ್ರಿಜ್ಜಿನಲ್ಲಿ ಎಂದಿಗೂ ಇಡಬಾರದು.)

ಬಾಗಿಲು ತೆರೆದಾಗಲೆಲ್ಲ ಒಳಹೋಗುವ ಗಾಳಿಯ ತೇವವು ತಂಪಿನ ಕೊಳವೆಗಳ ಮೇಲೆ ಹಿಮವಾಗಿ ಕಟ್ಟುತ್ತದೆ. ಹಿಮದ ಪದರು ದಪ್ಪವಾದಂತೆ ಗಾಳಿ ಸುಳಿದಾಡಲು ದಾರಿ ಇಲ್ಲದಂತಾಗಿ, ಮೇಲಿನ ಖಾನೆ ತಂಪಾಗಿದ್ದರೂ ಕೆಳಗಿನ ಖಾನೆ ಬೆಚ್ಚಗಾಗುತ್ತದೆ. ಒಣದ್ರಾಕ್ಷಿ ಇಡುವ ಶೀತಗೃಹಗಳ ಕೊಳವೆಗಳಿಗೂ ಈ ತೊಂದರೆ ತಪ್ಪಿದ್ದಲ್ಲ. ಅಲ್ಲಿ ನೋಡಿಕೊಳ್ಳಲು ಮೆಕ್ಯಾನಿಕ್ ಇರುತ್ತಾನೆ; ಮನೆಯಲ್ಲಿ ಆ ಕೆಲಸ ಟೈಮರಿನದು.

ಎರಡು ಬಾಗಿಲಿನ, ಹಿಮ ಕಟ್ಟದ ಜಾತಿಯ ಹಳೆಯ ಫ್ರಿಜ್ಜುಗಳಲ್ಲಿ ಈ ಟೈಮರ್ ಗಡಿಯಾರದಂತೆ ಹಲ್ಲುಚಕ್ರಗಳಿಂದ ತಿರುಗುತ್ತದೆ. ಸಾಮಾನ್ಯವಾಗಿ 6ರಿಂದ 12 ಗಂಟೆಗೊಮ್ಮೆ ಅದು ಕಂಪ್ರೆಸರ್ ನಿಲ್ಲಿಸಿ, ಕೊಳವೆಗಳ ಬಳಿಯ ಹೀಟರಿಗೆ 20-30 ನಿಮಿಷ ವಿದ್ಯುತ್ ಕೊಡುತ್ತದೆ. ಹಿಮ ಕರಗಿ ಕೊಳವೆ ಬೆಚ್ಚಗಾದೊಡನೆ ಬೈಮೆಟಲ್ ಎಂಬ ಸಣ್ಣ ಸ್ವಿಚ್ಚು ಹೀಟರನ್ನು ಕಡಿದುಹಾಕುತ್ತದೆ. ಹೊಸ ಮಾದರಿಗಳಲ್ಲಿ ಟೈಮರಿನ ಬದಲು ಎಲೆಕ್ಟ್ರಾನಿಕ್ ಬೋರ್ಡು ಇರುವುದರಿಂದ ಮುಂದಿನ ಪರೀಕ್ಷೆ ಅವಕ್ಕೆ ಹೊಂದುವುದಿಲ್ಲ. ಒಂದೇ ಬಾಗಿಲಿನ ಸಾದಾ ಫ್ರಿಜ್ಜಿನಲ್ಲಿ ಟೈಮರೇ ಇಲ್ಲ. ಉಷ್ಣತೆಯ ಗುಂಡಿಯ ನಡುವಿನ ಬಟನ್ನನ್ನು ಒತ್ತಿದರೆ ಸಾಕು.

ಕರೆಂಟು ಹೋಗಿ ಬರುವ ಊರುಗಳಲ್ಲಿ ಒಂದು ಮಾತು ತಿಳಿದಿರಬೇಕು. ಹಿಮ ಕರಗಿಸುವ ನಡುವೆಯೇ ಕರೆಂಟು ಹೋದರೆ ಟೈಮರ್ ಅಲ್ಲಿಯೇ ನಿಲ್ಲುತ್ತದೆ. ಮರಳಿ ಬಂದಾಗ ಉಳಿದ ಅವಧಿಯನ್ನು ಮುಗಿಸಿಯೇ ಕಂಪ್ರೆಸರಿಗೆ ದಾರಿ ಬಿಡುತ್ತದೆ. ಆ ಹೊತ್ತಿನಲ್ಲಿ ಒಳಗೆ ದೀಪ ಉರಿಯುತ್ತದೆ, ಕಂಪ್ರೆಸರ್ ಸದ್ದು ಇರುವುದಿಲ್ಲ. ಫ್ರಿಜ್ಜು ಸುಟ್ಟಿತೆಂದು ಗಾಬರಿಯಾಗಿ ವಿಜಯಪುರಕ್ಕೆ ಟೆಂಪೋ ಹೂಡುವ ಮೊದಲು ಮುಕ್ಕಾಲು ಗಂಟೆ ಕಾಯುವುದು ಒಳಿತು.

ಕಾದರೂ ಕಂಪ್ರೆಸರ್ ಚಾಲೂ ಆಗದಿದ್ದರೆ ಟೈಮರನ್ನು ಹುಡುಕಬೇಕು. ಅದು ಕೆಳಗಿನ ಖಾನೆಯ ಉಷ್ಣತೆ ಗುಂಡಿಯ ಹಿಂದೆ, ಮುಂಭಾಗದ ಕೆಳಪಟ್ಟಿಯ ಒಳಗೆ, ಅಥವಾ ಹಿಂಬದಿ ಕಂಪ್ರೆಸರಿನ ಪಕ್ಕದಲ್ಲಿರುತ್ತದೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಡಬ್ಬಿ, ನಾಲ್ಕು ತಂತಿ, ಸ್ಕ್ರೂ ಡ್ರೈವರ್ ಕೂಡಿಸಲು ಒಂದು ಗಾಡಿ: ಇದೇ ಗುರುತು. ಮುಚ್ಚಳ ಬಿಚ್ಚುವ ಮೊದಲು ಪ್ಲಗ್ ಕೀಳತಕ್ಕದ್ದು. ಗಾಡಿಯನ್ನು ಬಲಕ್ಕೆ ಮಾತ್ರ, ನಿಧಾನವಾಗಿ, ಟಿಕ್ ಎನ್ನುವವರೆಗೆ ತಿರುವಬೇಕು. ಅನಂತರ ಪ್ಲಗ್ ಹಾಕಿದಾಗ ಕಂಪ್ರೆಸರ್ ಹೊರಟರೆ, ಟೈಮರ್ ಕರಗಿಸುವ ಸ್ಥಾನದಲ್ಲಿ ಸಿಕ್ಕಿಬಿದ್ದಿತ್ತೆಂದು ಅರ್ಥ.

ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದು ಹಿಂಗೋಡೆಯಲ್ಲಿ ಹಿಮ ತುಂಬಿದ್ದರೆ ಪರೀಕ್ಷೆ ಬೇರೆ. ಇಲ್ಲಿ ಹೆಚ್ಚಿನವರು ಮೊದಲು ಹಿಮ ಕರಗಿಸಿ ಆಮೇಲೆ ಪರೀಕ್ಷಿಸುತ್ತಾರೆ. ಇದು ತಪ್ಪು. ಕೊಳವೆ ಬೆಚ್ಚಗಿದ್ದರೆ ಬೈಮೆಟಲ್ ತೆರೆದೇ ಇರುವುದರಿಂದ ಒಳ್ಳೆಯ ಹೀಟರೂ ಕಾಯುವುದಿಲ್ಲ. ಹಿಮ ಇರುವಾಗಲೇ ಟೈಮರ್ ತಿರುವಿ ಕಂಪ್ರೆಸರ್ ನಿಲ್ಲುವಂತೆ ಮಾಡಬೇಕು. ಕೆಲವು ನಿಮಿಷಗಳಲ್ಲಿ ಚುರ್ ಚುರ್ ಸದ್ದು ಕೇಳಿ ನೀರು ಇಳಿದರೆ ಹೀಟರ್ ಸರಿಯಿದೆ; ಸಂಶಯ ಟೈಮರಿನ ಮೇಲೆ. ಗಾಡಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಕಂಪ್ರೆಸರ್ ಮೂರು ತಾಸು ಓಡಿದ ಮೇಲೆ ಪ್ಲಗ್ ಕಿತ್ತು ನೋಡಿದಾಗ ಗುರುತು ಕದಲಿರದಿದ್ದರೆ ಟೈಮರ್ ಸತ್ತಿದೆ. ಹೀಟರೇ ಕಾಯದಿದ್ದರೆ ಹೀಟರ್, ಬೈಮೆಟಲ್, ಫ್ಯೂಜು ಈ ಮೂರನ್ನು ಮೆಕ್ಯಾನಿಕ್ ಮೀಟರ್ ಹಿಡಿದು ನೋಡಬೇಕು.

ಎಲ್ಲ ಭಾಗಗಳೂ ಸರಿಯಿದ್ದು ಹಿಮ ಮಾತ್ರ ಉಳಿಯುವುದುಂಟು. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನಿನ ಕೊನೆಯ ವಸ್ತಿಗಳಿಗೆ ವೋಲ್ಟೇಜು ಇಳಿಯುತ್ತದೆ. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 230ರ ಬದಲು 180 ವೋಲ್ಟ್ ಸಿಕ್ಕರೆ ಶಾಖ ಸುಮಾರು ಶೇ. 61ಕ್ಕೆ ಇಳಿಯುತ್ತದೆ. ಟೈಮರಿನ ಅವಧಿ ಮಾತ್ರ ಅಷ್ಟೇ. ಇಂಥಲ್ಲಿ ಟೈಮರ್ ಬದಲಿಸಿ ಫಲವಿಲ್ಲ, ಸ್ಟೆಬಿಲೈಜರ್ ಬೇಕು.

ದುರಸ್ತಿಯಾಗುವವರೆಗೆ ಪ್ಲಗ್ ಕಿತ್ತು, ಬಾಗಿಲು ತೆರೆದು, ಬಿಸಿನೀರಿನ ಪಾತ್ರೆ ಒಳಗಿಟ್ಟು ಹಿಮ ಕರಗಿಸಬಹುದು. ಲಸಿಕೆಯನ್ನು ಅಷ್ಟರಲ್ಲಿ ಬೇರೆ ಫ್ರಿಜ್ಜಿಗೆ ಸಾಗಿಸಬೇಕು. ಚಾಕು, ಕುಡಗೋಲು ಮುಟ್ಟಿಸಲೇಬಾರದು. ಆರ್-600ಎ ಎಂದು ಬರೆದಿರುವ ಫ್ರಿಜ್ಜುಗಳ ಕೊಳವೆಯಲ್ಲಿರುವುದು ಹೊತ್ತಿಕೊಳ್ಳುವ ಅನಿಲ. ಹೊಸ ಟೈಮರ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಅದರ ಮೇಲಿನ ನಂಬರು ಮತ್ತು ತಂತಿಗಳ ಕ್ರಮ ಎರಡನ್ನೂ ತಾಳೆ ನೋಡಬೇಕು.