ಹೆಸರಿಲ್ಲದ ಬೇನೆ

ಆಸ್‌ಬೆಸ್ಟಾಸಿಗೆ ಕನ್ನಡದಲ್ಲಿ ‘ಕಲ್ನಾರು’ ಎಂಬ ಹೆಸರುಂಟು. ಕಲ್ಲೂ ಹೌದು, ನಾರೂ ಹೌದು ಎಂದು ವಸ್ತುವಿನ ಸ್ವಭಾವವನ್ನೇ ಹಿಡಿದುಕೊಡುವ ಈ ಸಮಾಸವು, ‘ನಂದಿಸಲಾಗದ್ದು’ ಎಂದಷ್ಟೇ ಅರ್ಥಕೊಡುವ ಗ್ರೀಕ್ ಪದಕ್ಕಿಂತ ಮೇಲೆಂದೇ ನನಗೆ ತೋರುತ್ತದೆ. ಗಣಿಯಿಂದ ಬಂದ ಈ ಶಿಲೆಯನ್ನು ಬಿಡಿಸಿದರೆ ಹತ್ತಿಯಂತೆ ಎಳೆಯೆಳೆಯಾಗುತ್ತದೆ. ನೂಲಬಹುದು, ನೇಯಬಹುದು, ಬೆಂಕಿಗೊಡ್ಡಿದರೆ ಉರಿಯದು. ವಸ್ತುವಿಗೆ ಇಷ್ಟು ಸೊಗಸಾದ ಹೆಸರಿದ್ದರೂ ಅದು ತರುವ ಬೇನೆಗೆ ಬಹುಕಾಲ ಹೆಸರೇ ಇರಲಿಲ್ಲ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೆಲ್ಲಿ ಕರ್ಷಾ ಎಂಬಾಕೆ 12ನೆಯ ವಯಸ್ಸಿಗೇ ಗಿರಣಿ ಸೇರಿದವಳು. ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರನ್ನು ನೂಲುವುದು ಅವಳ ಕಾಯಕ. ಕೆಮ್ಮು, ಏದುಸಿರು ಹೆಚ್ಚಿ, 1922ರಲ್ಲಿ ಕೆಲಸ ಬಿಡಬೇಕಾಯಿತು. ಊರಿನ ವೈದ್ಯರು ‘ಆಸ್‌ಬೆಸ್ಟಾಸ್ ವಿಷ’ವೆಂದು ಪತ್ರ ಬರೆದುಕೊಟ್ಟರು. ಆ ಮಾತೇ ಅವಳಿಗೆ ಮುಳುವಾಯಿತು. ಕೆಲಸದಿಂದ ಬಂದ ಕಾಯಿಲೆಗೆ ಮಾಲೀಕರೇ ಹೊಣೆಯೆಂದು ವಿಮೆಯವರು ಕೈತೊಳೆದುಕೊಂಡರು. ಇಂಥದೊಂದು ರೋಗ ಕಾನೂನಿನ ಪಟ್ಟಿಯಲ್ಲಿಲ್ಲವೆಂದು ಮಾಲೀಕರೂ ನಿರಾಕರಿಸಿದರು. 1924ರಲ್ಲಿ, 33ನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ಶವಸಂಸ್ಕಾರದ ವೆಚ್ಚವನ್ನೂ ಕಂಪೆನಿ ಕೊಡಲಿಲ್ಲ.

ಡಾ. ವಿಲಿಯಂ ಕುಕ್ ಅವರು ಆಕೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಗಾಯಗಟ್ಟಿದ ಅಂಗಾಂಶದ ನಡುವೆ ಖನಿಜದ ಚೂರುಗಳು ಕಂಡವು. ಉಸಿರಿನೊಡನೆ ಒಳಹೊಕ್ಕ ಎಳೆಯನ್ನು ದೇಹ ಕರಗಿಸಲಾರದು, ಹೊರದೂಡಲೂ ಆರದು. ಅದರ ಸುತ್ತ ಕಲೆಗಟ್ಟುತ್ತ ಹೋಗಿ, ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಬಿರುಸಾಗುತ್ತದೆ. 1927ರಲ್ಲಿ ಕುಕ್ ಅವರೇ ಇದನ್ನು ‘ಆಸ್‌ಬೆಸ್ಟೋಸಿಸ್’ ಎಂದು ಕರೆದರು. ಹೆಸರು ಬಂದಮೇಲೆ ಲೆಕ್ಕವೂ ಬಂದಿತು: ಮೆರಿವೆದರ್ ಮತ್ತು ಪ್ರೈಸ್ ಎಂಬ ಅಧಿಕಾರಿಗಳ 1930ರ ವರದಿಯಂತೆ, ಪರೀಕ್ಷಿಸಲ್ಪಟ್ಟ 363 ಕೆಲಸಗಾರರಲ್ಲಿ 95 ಮಂದಿಯ ಶ್ವಾಸಕೋಶ ಹೀಗೆ ಕಲೆಗಟ್ಟಿತ್ತು. ಮರುವರ್ಷ ಧೂಳಿನ ನಿಯಮಗಳು ಹುಟ್ಟಿದವು. ನೆಲ್ಲಿಗೆ ಅದರಿಂದೇನು ಬಂತು ಎಂದು ಕೇಳುವಂತಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಶ್ವಾಸಕೋಶದ ಹೊರಪೊರೆಗೆ ಬರುವ ‘ಮೀಸೋಥೀಲಿಯೋಮ’ ಎಂಬ ಅರ್ಬುದಕ್ಕೂ ಕಲ್ನಾರಿಗೂ ಇರುವ ನಂಟನ್ನು 1960ರಲ್ಲಿ ದಕ್ಷಿಣ ಆಫ್ರಿಕದ ಗಣಿಸೀಮೆಯಿಂದ ವ್ಯಾಗ್ನರ್ ಮತ್ತು ಸಂಗಡಿಗರು ತೋರಿಸಿದರು. ಧೂಳು ಹೊಕ್ಕ 20, 30, ಕೆಲವೊಮ್ಮೆ 40 ವರ್ಷಗಳ ಮೇಲೆ ತಲೆಯೆತ್ತುವ ರೋಗವಿದು. ಅಷ್ಟು ಹೊತ್ತಿಗೆ ಕೆಲಸಗಾರ ನಿವೃತ್ತನಾಗಿರುತ್ತಾನೆ, ಕಾರ್ಖಾನೆಯೇ ಮುಚ್ಚಿರಲೂಬಹುದು. ಬ್ರಿಟನ್ 1999ರಲ್ಲಿ ಕಲ್ನಾರಿನ ಬಳಕೆಯನ್ನೇ ನಿಷೇಧಿಸಿತು.

ನಮ್ಮಲ್ಲಿ ಹಾಗಾಗಿಲ್ಲ. ಬಿಳಿಯ ಕಲ್ನಾರು ಹೊರದೇಶಗಳಿಂದ ಬಂದು, ಸಿಮೆಂಟಿನೊಡನೆ ಬೆರೆತು, ಚಾವಣಿಯಾಗುತ್ತಿದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆಲಸಗಾರನ ಆರೋಗ್ಯವನ್ನು ಅವನ ಬದುಕುವ ಹಕ್ಕಿನೊಳಗೇ ಸೇರಿಸಿ, ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷಗಳವರೆಗೆ, ಇಲ್ಲವೆ ಕೆಲಸ ಬಿಟ್ಟಮೇಲೆ 15 ವರ್ಷಗಳವರೆಗೆ, ಯಾವುದು ಆಮೇಲೆ ಮುಗಿಯುವುದೋ ಅಲ್ಲಿಯತನಕ, ಆರೋಗ್ಯದ ದಾಖಲೆಯನ್ನು ಕಾಪಾಡಬೇಕೆಂದು ವಿಧಿಸಿತು. ರೋಗದ ಸ್ವಭಾವವನ್ನು ಬಲ್ಲ ತೀರ್ಪು ಅದು.

ಆದರೆ ಆ ದಾಖಲೆ ಕಾರ್ಖಾನೆಯ ಕೆಲಸಗಾರನಿಗೆ. ಗಟ್ಟಿಯಾಗಿ ಕೂತ ಹಲಗೆಗಿಂತ ಅದನ್ನು ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಏಳುವ ಧೂಳು ಹೆಚ್ಚು ಅಪಾಯದ್ದು. ಮನೆಯ ಮೇಲೇರಿ ಆ ಕೆಲಸ ಮಾಡುವವನ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ‘ಕಲ್ನಾರು’ ಎಂಬ ಪದ ನಿಘಂಟಿನಲ್ಲಿದೆ. ಅವನ ಬಾಯಲ್ಲಿ ಅದು ಬರಿಯ ‘ಸಿಮೆಂಟ್ ಶೀಟು’.